ಒತ್ತಡ ನಿಮ್ಮದು, ಕಾರ್ಯಾಗಾರ ನಮ್ಮದು

ಅಕ್ಟೋಬರ್ 10 ವಿಶ್ವ ಮಾನಸಿಕ ಆರೋಗ್ಯ ದಿನ. 1992ರಿಂದ ನಡೆದುಕೊಂಡು ಬಂದಿದೆ. ಬೆಂಗಳೂರಿನ ಔಟರ್ ರಿಂಗ್ ರೋಡಿನ ಕಂಪನಿಗಳಿಗೆ ಇದೀಗ ಆಯುಧಪೂಜೆಯಷ್ಟೇ ದೊಡ್ಡ ಹಬ್ಬ. ಆಯುಧಪೂಜೆ ದಿನ ಕಂಪ್ಯೂಟರಿಗೆ ಕುಂಕುಮ ಇಡುತ್ತಾರೆ. ಈ ದಿನ ಕಂಪ್ಯೂಟರಿನ ಮುಂದೆ ಕೂತವರ ಎದೆಗೆ ಹಸಿರು ರಿಬ್ಬನ್ ಚುಚ್ಚುತ್ತಾರೆ. ಎರಡು ಪೂಜೆಯ ಸಂಕಲ್ಪವೂ ಒಂದೇ. ಯಂತ್ರ ವರ್ಷವಿಡೀ ಕೆಡದೆ ಓಡಬೇಕು.

ಹಬ್ಬಕ್ಕೆ ಮುಂಚೆ ಎಚ್‌ಆರ್‌ನಿಂದ ಮೇಲ್ ಬರುತ್ತದೆ. "ಪ್ರೀತಿಯ ಕುಟುಂಬದವರೇ" ಅಂತ ಶುರು. ಕಂಪನಿ ನಮ್ಮನ್ನು ಕುಟುಂಬ ಅಂದ ತಕ್ಷಣ ಹುಷಾರಾಗಬೇಕು. ಮನೆಯಲ್ಲಿ ಯಾರಾದರೂ ಓವರ್‌ಟೈಮ್ ಕೇಳುತ್ತಾರಾ? ಒತ್ತಡ ನಿರ್ವಹಣೆ ಕಾರ್ಯಾಗಾರ ಇದೆ, ಮಧ್ಯಾಹ್ನ 1ರಿಂದ 2. ಬರಲೇಬೇಕು ಅಂತೇನಿಲ್ಲ, ಬಾರದವರು ಮ್ಯಾನೇಜರಿಗೆ ಕಾರಣ ತಿಳಿಸಬೇಕು.

1ರಿಂದ 2 ಊಟದ ಹೊತ್ತು. ಕೆಲಸದ ಹೊತ್ತಿನಲ್ಲಿ ಒತ್ತಡ ಇಳಿಸಿದರೆ ಕೆಲಸ ನಿಂತುಹೋಗುತ್ತದಲ್ಲ.

ಇಂಥದ್ದೊಂದು ಕಾರ್ಯಾಗಾರದಲ್ಲಿ ನಾನೂ ಕೂತಿದ್ದೆ. ತರಬೇತುದಾರರು ಸ್ಟೀಲ್ ಬಟ್ಟಲು ಹಿಡಿದು ಸಾಲಿನುದ್ದಕ್ಕೂ ಬಂದರು. ಪ್ರಸಾದ ಅಂದುಕೊಂಡು ಅಂಗೈ ಚಾಚಿದೆವು. ಒಂದು ಒಣದ್ರಾಕ್ಷಿ ಬಿತ್ತು. ಒಬ್ಬರಿಗೆ ಒಂದೇ. ಹಾಗಂತ ಬಾಯಿಗೆ ಹಾಕಿಕೊಳ್ಳುವ ಹಾಗಿಲ್ಲ. ಮೊದಲು ಬೆಳಕಿಗೆ ಹಿಡಿದು ಸುಕ್ಕು ನೋಡಬೇಕು. ಆಮೇಲೆ ಕಿವಿಯ ಹತ್ತಿರ ಬೆರಳಲ್ಲಿ ಉರುಳಿಸಿ ಸದ್ದು ಕೇಳಬೇಕು. ಮೂಸಬೇಕು. ನಾಲಿಗೆ ಮೇಲಿಟ್ಟುಕೊಂಡು ಕಚ್ಚದೆ ಸುಮ್ನೆ ಕೂರಬೇಕು. ಪಕ್ಕದಲ್ಲಿದ್ದ ಹಾಸನದ ಹುಡುಗನ ಫೋನು ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಎಲ್ಲೋ ಸರ್ವರ್ ಬಿದ್ದಿತ್ತಂತೆ. ದ್ರಾಕ್ಷಿ ಜಾರದ ಹಾಗೆ ನಾಲಿಗೆ ಮಡಚಿ, "ಐದೇ ನಿಮಿಷ ಸರ್, ಬಂದೆ" ಅಂತ ಫೋನಿಗೆ ಪಿಸುಗುಟ್ಟಿದ. ತರಬೇತುದಾರರು ಕಣ್ಣು ಮುಚ್ಚಿಕೊಂಡೇ, "ಯಾರೋ ಒಬ್ಬರು ಈ ಕ್ಷಣದಲ್ಲಿ ಇಲ್ಲ" ಅಂದರು. ನಿಜ ಹೇಳಬೇಕೆಂದರೆ, ಆ ಕೋಣೆಯಲ್ಲಿ ಈ ಕ್ಷಣದಲ್ಲಿ ಇದ್ದವನು ಅವನೊಬ್ಬನೇ.

ದ್ರಾಕ್ಷಿಯದ್ದೇನೂ ತಪ್ಪಿಲ್ಲ ಬಿಡಿ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬಾಟ್-ಝಿನ್ ಶುರು ಮಾಡಿದ, ಗಮನವನ್ನು ಈ ಕ್ಷಣದಲ್ಲೇ ಇಡಲು ಕಲಿಸುವ ಕಾರ್ಯಕ್ರಮದ ಒಂದು ಪಾಠ ಅದು. ವರ್ಷಗಟ್ಟಲೆ ನೋವು ತಿಂದು, ಔಷಧಿಯಿಂದ ಹೆಚ್ಚೇನೂ ಪ್ರಯೋಜನ ಕಾಣದ ರೋಗಿಗಳಿಗಾಗಿ ಮಾಡಿದ್ದು. 8 ವಾರದ ಕೋರ್ಸು. ವಾರಕ್ಕೆ ಎರಡೂವರೆ ಗಂಟೆಯ ತರಗತಿ, ಮನೆಯಲ್ಲಿ ದಿನಾ ಅಭ್ಯಾಸ, ನಡುವೆ ಒಂದು ಇಡೀ ದಿನ ಮೌನ. ನಮ್ಮ ಕಂಪನಿಗಳು ಇದರಿಂದ 8 ವಾರ ತೆಗೆದವು. ದಿನದ ಅಭ್ಯಾಸ ತೆಗೆದವು. ಮೌನವನ್ನಂತೂ ಮೊದಲೇ ತೆಗೆದವು. ದ್ರಾಕ್ಷಿ ಮಾತ್ರ ಉಳಿಸಿಕೊಂಡವು, ಅದೂ ತಲೆಗೊಂದು.

ದ್ರಾಕ್ಷಿ ಆದಮೇಲೆ ಎಲ್ಲರೂ ಎದ್ದು ನಿಂತು, ಸೊಂಟದ ಮೇಲೆ ಕೈಯಿಟ್ಟು, ಎದೆ ಉಬ್ಬಿಸಿ ಎರಡು ನಿಮಿಷ. ಇದಕ್ಕೆ ಪವರ್ ಪೋಸ್ ಅಂತ ಹೆಸರು. 2010ರಲ್ಲಿ ಕೊಲಂಬಿಯಾ ಮತ್ತು ಹಾರ್ವರ್ಡ್‌ನ ಸಂಶೋಧಕರು 42 ಜನರನ್ನು ಹೀಗೆಲ್ಲ ನಿಲ್ಲಿಸಿ ಕೂರಿಸಿ ನೋಡಿದ್ದರು. ಗತ್ತಿನ ಭಂಗಿಯಿಂದ ಟೆಸ್ಟೋಸ್ಟಿರಾನ್ ಏರುತ್ತದೆ, ಒತ್ತಡದ ಹಾರ್ಮೋನು ಇಳಿಯುತ್ತದೆ ಅಂದರು. 2015ರಲ್ಲಿ ಬೇರೆಯವರು 200 ಜನರ ಮೇಲೆ ಮತ್ತೆ ಮಾಡಿ ನೋಡಿದರು. ಧೈರ್ಯ ಬಂದ ಹಾಗೆ ಅನ್ನಿಸುತ್ತಿದೆ ಅಂತ ಜನ ಹೇಳಿದರು, ಹಾರ್ಮೋನು ಮಾತ್ರ ಜಗ್ಗಲಿಲ್ಲ. 2016ರಲ್ಲಿ ಮೂಲ ಸಂಶೋಧನೆಯ ಮೊದಲ ಲೇಖಕಿ ಡೇನಾ ಕಾರ್ನಿ ಅವರೇ, ಈ ಪರಿಣಾಮ ನಿಜ ಅಂತ ನಾನು ನಂಬುವುದಿಲ್ಲ ಎಂದು ಬಹಿರಂಗವಾಗಿ ಬರೆದರು. ಕಂಡುಹಿಡಿದವರೇ ಕೈ ಇಳಿಸಿ ಇಷ್ಟು ವರ್ಷ ಆಯ್ತು. ನಮ್ಮ ಮೀಟಿಂಗ್ ರೂಮಿನಲ್ಲಿ ಇನ್ನೂ ಯಾರೂ ಸೊಂಟದಿಂದ ಕೈ ತೆಗೆದಿಲ್ಲ.

ಮುಂದಿನ ಸ್ಲೈಡು ಒತ್ತಡದ ಅಂಕಪಟ್ಟಿ. ಇದು ಹಳೆಯ ಸರಕು. 1967ರಲ್ಲಿ ಅಮೆರಿಕದ ಥಾಮಸ್ ಹೋಮ್ಸ್, ರಿಚರ್ಡ್ ರಾಹೆ ಎಂಬಿಬ್ಬರು ಮನೋವೈದ್ಯರು ಬದುಕಿನ 43 ಘಟನೆಗಳಿಗೆ ಅಂಕ ಕೊಟ್ಟರು. ಗಂಡನೋ ಹೆಂಡತಿಯೋ ಸತ್ತರೆ 100. ವಿಚ್ಛೇದನ 73. ಮದುವೆ 50. ಅಂದರೆ ಮದುವೆ ಆಗುವುದೂ ಬಿಡುವುದೂ ಎರಡೂ ಒತ್ತಡವೇ, ಬಿಡುವುದಕ್ಕೆ ಸ್ವಲ್ಪ ಜಾಸ್ತಿ. ಅತ್ತೆ ಮನೆಯವರ ಜೊತೆ ಕಿರಿಕ್‌ಗೆ 29, ಬಾಸ್ ಜೊತೆ ಕಿರಿಕ್‌ಗೆ 23. ಆ ಬಾಸ್ ವಾಟ್ಸಾಪ್ ಬರುವುದಕ್ಕೆ ಮೊದಲಿನವನು, ಪಾಪ, ಅಷ್ಟಕ್ಕೇ ಸುಮ್ಮನಾಗಿದ್ದಾನೆ. ರಾತ್ರಿ ಹನ್ನೊಂದೂವರೆಗೆ "ಎದ್ದಿದ್ದೀರಾ?" ಅಂತ ಕೇಳುವ ಬಾಸ್‌ಗೆ ಎಷ್ಟು ಕೊಡುತ್ತಿದ್ದರೋ.

ಅದೇ ಪಟ್ಟಿಯಲ್ಲಿ ರಜೆಗೂ 13 ಅಂಕ ಇದೆ. ಹೌದು, ರಜೆ ಹಾಕಿ ಊರಿಗೆ ಹೋಗುವುದೂ ಒಂದು ಒತ್ತಡ. ಇದನ್ನು ಎಚ್‌ಆರ್ ಇನ್ನೂ ಸರಿಯಾಗಿ ಓದಿದ ಹಾಗಿಲ್ಲ. ಓದಿದ ದಿನ, ನಿಮ್ಮ ಮಾನಸಿಕ ಆರೋಗ್ಯದ ಹಿತದೃಷ್ಟಿಯಿಂದ ನಿಮ್ಮ ರಜೆ ಅರ್ಜಿ ತಿರಸ್ಕರಿಸಲಾಗಿದೆ ಅಂತ ಮೇಲ್ ಬರುತ್ತದೆ, ಕೊನೆಯಲ್ಲಿ ಒಂದು ಹಸಿರು ಹೃದಯದ ಎಮೋಜಿ ಇರುತ್ತದೆ.

ಹಾಗಂತ ಮನಃಶಾಸ್ತ್ರದವರೆಲ್ಲ ಇಂಥದ್ದೇ ಹೇಳಿದರು ಅಂದರೆ ಪಾಪ ತಟ್ಟುತ್ತದೆ. ಈ ವಿಷಯದಲ್ಲಿ ರಿಚರ್ಡ್ ಲಾಜರಸ್ ಮತ್ತು ಸೂಸನ್ ಫೋಕ್‌ಮನ್ ದೊಡ್ಡ ಹೆಸರು. ಅವರು 1984ರಲ್ಲೇ ಬರೆದಿಟ್ಟಿದ್ದಾರೆ. ಕಷ್ಟ ಬಂದಾಗ ಮನುಷ್ಯ ಎರಡು ದಾರಿ ಹಿಡಿಯುತ್ತಾನೆ. ಒಂದು, ಕಷ್ಟ ಎಲ್ಲಿಂದ ಬಂತೋ ಅಲ್ಲೇ ಹೋಗಿ ಸರಿ ಮಾಡುವುದು. ಇನ್ನೊಂದು, ಕಷ್ಟವನ್ನು ತಾಳಿಕೊಳ್ಳುವ ಹಾಗೆ ಮನಸ್ಸನ್ನು ಸರಿ ಮಾಡಿಕೊಳ್ಳುವುದು. ಸರಿಪಡಿಸಲು ಸಾಧ್ಯವಿರುವ ಕಡೆ ಮೊದಲನೆಯದು ಕೆಲಸಕ್ಕೆ ಬರುತ್ತದೆ, ಕೈಮೀರಿದ ಕಡೆ ಎರಡನೆಯದು. ಸಾವು, ವಾಸಿಯಾಗದ ಕಾಯಿಲೆ ಇವು ಕೈಮೀರಿದವು. ನಾಲ್ಕು ಜನರ ಕೆಲಸವನ್ನು ಇಬ್ಬರಿಗೆ ಹಂಚುವುದು ಯಾವ ವಿಧಿಲಿಖಿತ ಸ್ವಾಮಿ? ಅದು ಒಂದು ಎಕ್ಸೆಲ್ ಶೀಟು. ಯಾರೋ ಕೂತು ತುಂಬಿದ್ದಾರೆ, ಬೇಕಾದರೆ ಅಳಿಸಿ ಬರೆಯಬಹುದು. ಆದರೆ ಕಂಪನಿಗಳಿಗೆ ಲಾಜರಸ್ ಅವರ ಪುಸ್ತಕದ ಎಡಗಡೆ ಪುಟ ಹರಿದುಹೋಗಿದೆ. ಬಲಗಡೆ ಪುಟ ಮಾತ್ರ ಸಿಕ್ಕಿದೆ. ಉಸಿರು ಎಳೆದುಕೊಳ್ಳಿ, ಬಿಡಿ.

ಕಬಾಟ್-ಝಿನ್ ಕಾರ್ಯಕ್ರಮ ಶುರುವಾದ ಅದೇ 1979ರಲ್ಲಿ, ಕೆಲಸದ ಒತ್ತಡದ ಬಗ್ಗೆ ಅಧ್ಯಯನ ಮಾಡಿದ ರಾಬರ್ಟ್ ಕರಾಸೆಕ್ ಇನ್ನೂ ನೇರವಾಗಿ ಹೇಳಿದ್ದರು. ಕೆಲಸದ ಹೊರೆ ಜಾಸ್ತಿ, ಅದನ್ನು ಹೇಗೆ ಯಾವಾಗ ಮಾಡಬೇಕು ಅನ್ನುವುದರಲ್ಲಿ ನಿಮ್ಮ ಮಾತು ನಡೆಯುವುದಿಲ್ಲ ಅಂದರೆ, ಅಲ್ಲೇ ಮನುಷ್ಯ ಬಳಲುವುದು. ಈ ಸ್ಲೈಡನ್ನು ಮಾತ್ರ ಯಾವ ಕಾರ್ಯಾಗಾರದಲ್ಲೂ ನಾನು ನೋಡಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುವುದು ನಮ್ಮ ಗಾದೆ. ಈಗ ಎಮ್ಮೆಯೇ ಬರೆಗೆ ಮುಂಚಿತವಾಗಿ ಹೆಸರು ನೋಂದಾಯಿಸಿ, ಸರ್ಟಿಫಿಕೇಟ್ ಪಡೆದು ಲಿಂಕ್ಡ್‌ಇನ್‌ನಲ್ಲಿ ಹಾಕಿಕೊಳ್ಳಬೇಕು.

ಇದೆಲ್ಲ ಮಾಡಿದ್ದರಿಂದ ಏನಾದರೂ ಆಯಿತಾ ಅಂತ ಲೆಕ್ಕ ಹಾಕಿದವರೂ ಇದ್ದಾರೆ. ಆಕ್ಸ್‌ಫರ್ಡ್‌ನ ವಿಲಿಯಂ ಫ್ಲೆಮಿಂಗ್ ಬ್ರಿಟನ್ನಿನ 233 ಸಂಸ್ಥೆಗಳ 46,336 ನೌಕರರ ಸಮೀಕ್ಷೆ ಹಿಡಿದು ಕೂತರು. ಧ್ಯಾನದ ತರಗತಿ, ನಿದ್ದೆಯ ಆ್ಯಪ್, ಒತ್ತಡ ತಾಳುವ ತರಬೇತಿ, ಇಂಥವುಗಳಲ್ಲಿ ಭಾಗವಹಿಸಿದವರು ಭಾಗವಹಿಸದವರಿಗಿಂತ ಚೆನ್ನಾಗೇನೂ ಇರಲಿಲ್ಲ. 2024ರಲ್ಲಿ ಇದು ಪ್ರಕಟವಾಯಿತು. ಸ್ವಲ್ಪ ಒಳ್ಳೆಯದು ಮಾಡಿದಂತೆ ಕಂಡದ್ದು ಒಂದೇ: ಸಮಾಜಸೇವೆಗೆ ಅವಕಾಶ ಕೊಟ್ಟದ್ದು. ಅಂದರೆ ಆಫೀಸಿನಿಂದ ಆಚೆ ಬಿಟ್ಟಾಗ ಜನ ಸ್ವಲ್ಪ ಗೆಲುವಾದರು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಸುಮಾರು 5 ಸಾವಿರ ನೌಕರರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಆರೋಗ್ಯ ಕಾರ್ಯಕ್ರಮ ಕೊಟ್ಟು ನೋಡಿದ್ದರು. ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಸಿಕ್ಕಿದ್ದು ಬೇರೆ. ಕಾರ್ಯಕ್ರಮಕ್ಕೆ ಓಡಿ ಬಂದವರು ಮೊದಲೇ ಗಟ್ಟಿಮುಟ್ಟಾಗಿದ್ದವರು! ನಮ್ಮ ಆಫೀಸ್ ಜಿಮ್ಮಿನಲ್ಲಿ ಯಾರು ಸೆಲ್ಫಿ ತೆಗೆಯುತ್ತಾರೆ ಅಂತ ನೋಡಿದವರಿಗೆ ಇದಕ್ಕೆ ಸಂಶೋಧನೆ ಬೇಕಿರಲಿಲ್ಲ.

ಇಲ್ಲಿ ಒಂದು ಮಾತು. ನಿಜವಾಗಿ ನರಳುತ್ತಿರುವವರಿಗೆ ಆಪ್ತಸಮಾಲೋಚನೆ, ಔಷಧಿ ಎಲ್ಲ ಬೇಕು, ಅದರ ಬಗ್ಗೆ ನನ್ನ ತಕರಾರಿಲ್ಲ. ಅದೇ ಅಕ್ಟೋಬರ್ 10ಕ್ಕೆ, 2022ರಲ್ಲಿ, ಟೆಲಿ ಮಾನಸ್ ಅಂತ ಸರ್ಕಾರದ ಉಚಿತ ಸಹಾಯವಾಣಿ ಶುರುವಾಯಿತು. ನಂಬರು 14416. ಹಿಂದೆ ನಿಂತಿರುವುದು ನಮ್ಮ ನಿಮ್ಹಾನ್ಸ್. ಒಳ್ಳೆಯ ಕೆಲಸ. ಆದರೆ ಆ ನಂಬರಿನ ಚೀಟಿಯನ್ನು ಲಿಫ್ಟಿನಲ್ಲಿ ಅಂಟಿಸಿ, ಅದರ ಪಕ್ಕದಲ್ಲೇ "ಈ ತಿಂಗಳು ಶನಿವಾರಗಳು ಕೆಲಸದ ದಿನ" ಅಂತ ಇನ್ನೊಂದು ಚೀಟಿ ಅಂಟಿಸುತ್ತಾರಲ್ಲ, ತಕರಾರು ಅಲ್ಲಿ.

ಶನಿವಾರ ಅಂದಾಗ ನೆನಪಾಯಿತು. 2023ರಲ್ಲಿ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದರು. 2025ರ ಜನವರಿಯಲ್ಲಿ ಎಲ್ ಆ್ಯಂಡ್ ಟಿ ಅಧ್ಯಕ್ಷರು 90 ಗಂಟೆಗೆ ಏರಿಸಿದರು, ಮನೆಯಲ್ಲಿ ಕೂತು ಎಷ್ಟು ಹೊತ್ತು ಹೆಂಡತಿ ಮುಖ ನೋಡುತ್ತೀರಿ ಅಂತಲೂ ಕೇಳಿದರು. ನಡುವೆ 2024ರ ಜುಲೈನಲ್ಲಿ ಕರ್ನಾಟಕದ ಐಟಿ ನೌಕರರಿಗೆ ದಿನಕ್ಕೆ 14 ಗಂಟೆಯ ಪ್ರಸ್ತಾವ ಬಂದು, ನೌಕರರ ಸಂಘ ಬೀದಿಗಿಳಿಯಬೇಕಾಯಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಹೇಳಿದ್ದು ಇದು: ವಾರಕ್ಕೆ 35–40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು 35% ಜಾಸ್ತಿ. 70 ಮತ್ತು 90ಕ್ಕೆ ಎಷ್ಟು ಅಂತ ದೊಡ್ಡವರು ಯಾರೂ ಕೇಳಲಿಲ್ಲ. ಪರವಾಗಿಲ್ಲ, ದ್ರಾಕ್ಷಿ ಹೇಗೂ ಸ್ಟಾಕ್ ಇದೆ.

2024ರ ಡಿಸೆಂಬರಿನಲ್ಲಿ ನೋಯ್ಡಾದ ಸ್ಟಾರ್ಟಪ್ ಒಂದು ಎಲ್ಲರನ್ನೂ ಮೀರಿಸಿತು. ನಿಮಗೆ ಕೆಲಸದಲ್ಲಿ ಒತ್ತಡ ಇದೆಯಾ ಅಂತ ಸಮೀಕ್ಷೆ ಮಾಡಿದೆವು, ತುಂಬಾ ಒತ್ತಡ ಇದೆ ಅಂದವರನ್ನು ಕೆಲಸದಿಂದ ತೆಗೆದೆವು ಅನ್ನುವ ಮೇಲ್ ಎಲ್ಲ ಕಡೆ ಹರಿದಾಡಿತು. ದೇಶವೆಲ್ಲ ಉಗಿದ ಮೇಲೆ, ಯಾರನ್ನೂ ತೆಗೆದಿಲ್ಲ, ಒತ್ತಡದ ಬಗ್ಗೆ ಗಮನ ಸೆಳೆಯಲು ಹಾಗೆ ಮಾಡಿದೆವು ಅಂದರು. ಇದರಲ್ಲಿ ನನಗೆ ಮಜಾ ಅನ್ನಿಸಿದ್ದು ಆ ನಾಟಕ ಅಲ್ಲ. ಮೇಲ್ ಓದಿದ ಇಡೀ ದೇಶದಲ್ಲಿ, ಛೇ, ಹೀಗೆಲ್ಲ ಯಾವ ಕಂಪನಿಯಾದರೂ ಮಾಡುತ್ತದಾ ಅಂತ ಅನುಮಾನ ಪಟ್ಟವರು ಎಷ್ಟು ಕಡಿಮೆ ಅನ್ನುವುದು.

ಸಮೀಕ್ಷೆ ನಮ್ಮಲ್ಲೂ ನಡೆಯುತ್ತದೆ. ಕಾರ್ಯಾಗಾರ ಮುಗಿದ ಕೂಡಲೇ ಲಿಂಕ್ ಬರುತ್ತದೆ. ಮೇಲೆ ದಪ್ಪಕ್ಷರದಲ್ಲಿ: ನಿಮ್ಮ ಗುರುತು ಪೂರ್ತಿ ಗುಪ್ತವಾಗಿರುತ್ತದೆ. ಕೆಳಗೆ ಕೇಳುತ್ತಾರೆ, ಯಾವ ವಿಭಾಗ, ಯಾವ ಟೀಮು, ಗಂಡೋ ಹೆಣ್ಣೋ, ವಯಸ್ಸು, ಸೇರಿದ ವರ್ಷ, ಯಾವ ಮಹಡಿ. ನಮ್ಮ ಟೀಮಿನಲ್ಲಿ ಇರುವುದೇ ಐದು ಜನ, ಹೆಂಗಸು ಒಬ್ಬರೇ. ಆಮೇಲೆ ಐದು ಮುಖಗಳ ಸಾಲು, ಅಳುವುದರಿಂದ ನಗುವುದರ ತನಕ. ಎಲ್ಲರೂ ನಾಲ್ಕನೆಯ ಮುಖ ಒತ್ತುತ್ತಾರೆ. ಐದನೆಯದು ಒತ್ತಿದರೆ ಇನ್ನೊಂದು ಪ್ರಾಜೆಕ್ಟ್ ಕೊಡುತ್ತಾರೆ, ಮೂರನೆಯದು ಒತ್ತಿದರೆ ಮ್ಯಾನೇಜರ್ ಕಾಫಿಗೆ ಕರೆಯುತ್ತಾರೆ.

ಆ ಒಬ್ಬ ಹೆಂಗಸು ನಮ್ಮ ಸೀನಿಯರ್, ಮೇಡಂ ಅಂತಲೇ ಕರೆಯುವುದು. ಕೊನೆಯಲ್ಲಿ "ನಿಮ್ಮ ಒತ್ತಡ ಕಡಿಮೆ ಆಗಲು ಏನು ಮಾಡಬಹುದು?" ಅಂತ ಒಂದು ಖಾಲಿ ಡಬ್ಬಿ ಇರುತ್ತದೆ. ಎಲ್ಲರೂ ಅದನ್ನು ಖಾಲಿ ಬಿಡುತ್ತೇವೆ. ಮೇಡಂ ಮಾತ್ರ ಬರೆದರು: "ನಮ್ಮ ಟೀಮಿಗೆ ಇನ್ನಿಬ್ಬರನ್ನು ಕೊಡಿ."

ಉತ್ತರ ಬೇಗನೇ ಬಂತು, ಅವರ ಹೆಸರಿಗೇ. ಗುಪ್ತ ಅಭಿಪ್ರಾಯಕ್ಕೆ ಧನ್ಯವಾದಗಳು. ನಿಮ್ಮಲ್ಲಿ ಒತ್ತಡದ ಲಕ್ಷಣಗಳು ಕಾಣುತ್ತಿರುವುದರಿಂದ ನಿಮ್ಮನ್ನು ಎರಡನೇ ಹಂತದ ತರಬೇತಿಗೆ ಆಯ್ಕೆ ಮಾಡಲಾಗಿದೆ. ಶನಿವಾರ ಬೆಳಿಗ್ಗೆ 9 ಗಂಟೆಗೆ. ಲ್ಯಾಪ್‌ಟಾಪ್ ಜೊತೆಗಿರಲಿ.