ದುಡ್ಡು ಕಟ್ಟಿ ಕೂಲಿಗೆ ಹೋಗುವವರು

ಡಿಸೆಂಬರ್ ಬಂತೆಂದರೆ ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಿಗೆ ಎರಡು ಬಗೆಯ ಆಳುಗಳು ಬಂದಿಳಿಯುತ್ತಾರೆ. ಒಂದು ಬಗೆಯವರು ಅಸ್ಸಾಮಿನಿಂದ ರೈಲು ಹತ್ತಿ ಬಂದು, ಆಳುಗಳಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿದ್ದು, ಕೊಯ್ದ ಹಣ್ಣಿಗೆ ಕೆ.ಜಿ. ಲೆಕ್ಕದಲ್ಲಿ ದುಡ್ಡು ಎಣಿಸಿಕೊಳ್ಳುತ್ತಾರೆ. ಇನ್ನೊಂದು ಬಗೆಯವರು ಬೆಂಗಳೂರಿನಿಂದ ಕಾರಿನಲ್ಲಿ ಬಂದು, ಹೋಂಸ್ಟೇಯಲ್ಲಿದ್ದು, ಅದೇ ಹಣ್ಣು ಕೊಯ್ಯಲು ತಲೆ ಲೆಕ್ಕದಲ್ಲಿ ದುಡ್ಡು ಕಟ್ಟುತ್ತಾರೆ. ಆಳು ಸಿಗುತ್ತಿಲ್ಲ ಎಂದು ಗೋಳಾಡುವ ಸಾಹುಕಾರರಿಗೆ ಇದಕ್ಕಿಂತ ಅಗ್ಗದ ಆಳು ಎಲ್ಲಿ ಸಿಕ್ಕೀತು? ತೋಟದ ಲೆಕ್ಕ ಬರೆಯುವ ರೈಟರನ್ನು ಕೇಳಿ ನೋಡಿ.

ಅರೇಬಿಕಾ ಜಾತಿಯ ಕಾಫಿಯ ಗೊಂಚಲು ಒಟ್ಟಿಗೆ ಹಣ್ಣಾಗುವುದಿಲ್ಲ. ಒಂದೇ ಗೆಣ್ಣಿನಲ್ಲಿ ಕೆಂಪು, ಹಳದಿ, ಹಸಿರು ಮೂರೂ ಇರುತ್ತವೆ. ಕೆಂಪನ್ನಷ್ಟೇ ಬೆರಳಲ್ಲಿ ತಿರುಚಿ ಬಿಡಿಸಿ, ಉಳಿದದ್ದಕ್ಕೆ ಕೆಲವು ದಿನ ಬಿಟ್ಟು ಮತ್ತೆ ಬರಬೇಕು. ಅತಿಥಿಗಳ ಬುಕಿಂಗ್ ಎರಡೇ ದಿನ. ಹಾಗಾಗಿ ಎಡಗೈಯಲ್ಲಿ ರೆಂಬೆ ಬಗ್ಗಿಸಿ, ಬಲಗೈಯಲ್ಲಿ ಬುಡದಿಂದ ತುದಿಯವರೆಗೆ ಬರ್‍ರನೆ ಎಳೆದುಬಿಡುತ್ತಾರೆ. ಹಣ್ಣು, ಕಾಯಿ, ಎಲೆ, ಎಲೆಯ ಬುಡದಲ್ಲಿ ಮಾರ್ಚ್‌ನ ಹೂಮಳೆಗೆ ಕಾದು ಕೂತ ಮೊಗ್ಗು ಎಲ್ಲವೂ ಬುಟ್ಟಿಗೆ. ಕೂಲಿಯವರು ಹೀಗೆ ಮುಂದಿನ ವರ್ಷದ ಬೆಳೆಯನ್ನೂ ಕೊಯ್ದರೆ ಮೇಸ್ತ್ರಿ ಮಧ್ಯಾಹ್ನವೇ ಲೆಕ್ಕ ಮುಗಿಸಿ ಕಳಿಸುತ್ತಾನೆ. ಇವರಿಗೆ ಮಜ್ಜಿಗೆ ಕೊಟ್ಟು ಚಪ್ಪಾಳೆ ತಟ್ಟಬೇಕು.

ಉದುರಿದ್ದನ್ನು ಹೆಕ್ಕುವುದು ಪ್ಯಾಕೇಜಿನಲ್ಲಿ ಸೇರಿಲ್ಲ. ಹಾಗೆ ಬಿಟ್ಟ ಹಣ್ಣಿನೊಳಗೆ ಕಾಯಿಕೊರಕ ಹುಳು ಮುಂದಿನ ಬೆಳೆ ಬರುವವರೆಗೂ ಸಂಸಾರ ಹೂಡುತ್ತದೆ, ಅದೂ ಬಾಡಿಗೆ ಕೊಡದೆ. ಇನ್ನು ಗಿಡದಲ್ಲಿ ಎಲೆ ಹೆಣೆದು ಕೂತ ಕೆಂಪಿರುವೆ ಚಗಳಿಯ ಗೂಡಿಗೆ ಕೈ ತಗುಲಿತೋ, ಅಪ್ಪಂದಿರ ಕೊಯ್ಲು ಅಲ್ಲಿಗೆ ಮುಗಿಯಿತು. (ರಾತ್ರಿ ಊಟಕ್ಕೆ ಚಗಳಿ ಚಟ್ನಿ ಬೇಕೆನ್ನುವವರೂ ಅವರೇ.)

ಕೊಯ್ದ ಹಣ್ಣು ಅದೇ ದಿನ ಸಿಪ್ಪೆ ಬಿಡಿಸುವ ಯಂತ್ರ ಪಲ್ಪರ್‌ಗೆ ಬೀಳಬೇಕು, ಹಸಿಕಾಯಿ ಆರಿಸಿ ತೆಗೆದ ಮೇಲೆ. ಕಾಯಿಯ ಸಿಪ್ಪೆ ಹಣ್ಣಿನದರಂತೆ ಜಾರುವುದಿಲ್ಲ. ಯಂತ್ರ ಬೀಜವನ್ನೇ ಕತ್ತರಿಸಿ ಹಾಕುತ್ತದೆ. ಅದಕ್ಕೇ ಸೆಲ್ಫಿ ಮುಗಿದ ಬುಟ್ಟಿಯನ್ನು ಕಣದಲ್ಲಿ ಸುರಿದುಕೊಂಡು ಇಬ್ಬರು ಹೆಂಗಸರು ಸಂಜೆವರೆಗೂ ಆರಿಸುತ್ತಾರೆ. ಅವರಿಗೆ ದಿನಗೂಲಿ ಬೇರೆ.

ನಾಲ್ವರ ಕುಟುಂಬ ಎರಡು ಗಂಟೆಯಲ್ಲಿ 6 ಕೆ.ಜಿ. ಒಳ್ಳೆಯ ಹಣ್ಣನ್ನೇ ಬಿಡಿಸಿತು ಎಂದು ಧಾರಾಳವಾಗಿ ಒಪ್ಪೋಣ. ಅದರಿಂದ ಸಿಗುವುದು ಸುಮಾರು 1 ಕೆ.ಜಿ. ಬೀಜ. ಅದೂ ತಕ್ಷಣಕ್ಕಲ್ಲ. ಲೋಳೆ ಬಿಡಲು ಒಂದು ದಿನಕ್ಕೂ ಹೆಚ್ಚು ತೊಟ್ಟಿಯಲ್ಲಿದ್ದು, ತೊಳೆಸಿಕೊಂಡು, ಕಣದಲ್ಲಿ ವಾರಗಟ್ಟಲೆ ಬಿಸಿಲು ಕಾದು, ಒಳಸಿಪ್ಪೆ ತೆಗೆಸಿಕೊಳ್ಳಲು ಕ್ಯೂರಿಂಗ್‌ಗೆ ಹೋಗಿ, ಹುರಿದು ಪುಡಿಯಾಗಬೇಕು. ಭಾನುವಾರ ಹೊರಡುವಾಗ ಕೌಂಟರಿನಲ್ಲಿ ಕೈಗಿಡುವ ಕಾಲು ಕೆ.ಜಿ. ಪೊಟ್ಟಣದ ಮೇಲೆ ಮಾತ್ರ ‘ನೀವೇ ಕೊಯ್ದ ಕಾಫಿ’ ಎಂದು ಬರೆದು, ಕೆಳಗೆ ಮಗುವಿನ ಹೆಸರು ಹಾಕಿರುತ್ತಾರೆ. ಮಗು ಶನಿವಾರ ಕೊಯ್ದದ್ದು ಆಗಿನ್ನೂ ತೊಟ್ಟಿಯಲ್ಲಿರುತ್ತದೆ. ಪೊಟ್ಟಣದಲ್ಲಿರುವುದು ಹೋದ ವರ್ಷದ ಕಾಫಿ, ಜೊತೆಗೆ ನೂರಕ್ಕೆ 30ರಷ್ಟು ಚಿಕೋರಿ. ಚಿಕೋರಿ ಗುಜರಾತಿನ ಬೇರು. ಅದನ್ನು ಅಗೆದವರ ಹೆಸರು ಹಾಕಲು ಜಾಗ ಸಾಲಲಿಲ್ಲವಂತೆ.