ಜೋಶ್ ಗಿಬ್ಸನ್ ಅವರ 800 ಹೋಮ್ ರನ್: ಒಂದು ಸ್ಪಷ್ಟನೆ

"ಬೇಸ್‌ಬಾಲ್ ಕ್ಯಾಚರ್ ಜೋಶ್ ಗಿಬ್ಸನ್ ಮೇಜರ್ ಲೀಗ್‌ನಲ್ಲಿ 800 ಹೋಮ್ ರನ್ ಹೊಡೆದಿದ್ದಾರೆ, ಅದೇ ವಿಶ್ವದಾಖಲೆ" ಎಂಬ ಸಂದೇಶ ಓಡಾಡುತ್ತಿದೆ. (ಮೇಜರ್ ಲೀಗ್ ಅಂದರೆ ಅಮೆರಿಕದ ಅಗ್ರ ಬೇಸ್‌ಬಾಲ್ ಲೀಗ್; ಹೋಮ್ ರನ್ ಅಂದರೆ ಹೆಚ್ಚಾಗಿ ಚೆಂಡನ್ನು ಮೈದಾನದ ಬೇಲಿಯಾಚೆ ಹೊಡೆಯುವುದು, ಕ್ರಿಕೆಟ್‌ನ ಸಿಕ್ಸರ್ ಹಾಗೆ.) ಇದು ಸರಿಯಲ್ಲ.

ಮೇಜರ್ ಲೀಗ್‌ನ ಹೋಮ್ ರನ್ ದಾಖಲೆ ಇರುವುದು ಬ್ಯಾರಿ ಬಾಂಡ್ಸ್ ಎಂಬ ಆಟಗಾರನ ಹೆಸರಿನಲ್ಲಿ, 762. ಗಿಬ್ಸನ್ ಅವರ ಅಧಿಕೃತ ಲೆಕ್ಕ 200ಕ್ಕಿಂತ ಕಡಿಮೆ. ಹಾಗಾದರೆ 800 ಎಲ್ಲಿಂದ ಬಂತು? ಬೇಸ್‌ಬಾಲ್ ದಿಗ್ಗಜರನ್ನು ಗೌರವಿಸುವ ಹಾಲ್ ಆಫ್ ಫೇಮ್‌ನ ಅವರ ಫಲಕದಲ್ಲೇ "ಸುಮಾರು 800" ಎಂಬ ಮಾತಿದೆ. ಆದರೆ ಅದು ಲೀಗ್ ಪಂದ್ಯಗಳ ಜೊತೆಗೆ ಊರೂರು ಸುತ್ತಿ ಆಡಿದ ಸ್ವತಂತ್ರ ಪಂದ್ಯಗಳನ್ನೂ ಸೇರಿಸಿದ ಅಂದಾಜು. ಸಂದೇಶದಲ್ಲಿ ಈ ಭಾಗವೇ ಬಿಟ್ಟುಹೋಗಿದೆ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಆಗಿನ ಮೇಜರ್ ಲೀಗ್ ತಂಡಗಳು ಕಪ್ಪು ಆಟಗಾರರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಗಿಬ್ಸನ್ ಹೋಮ್‌ಸ್ಟೆಡ್ ಗ್ರೇಸ್, ಪಿಟ್ಸ್‌ಬರ್ಗ್ ಕ್ರಾಫರ್ಡ್ಸ್ ತಂಡಗಳ ಪರ, ಕಪ್ಪು ಆಟಗಾರರಿಗಾಗಿ ಇದ್ದ ನೀಗ್ರೋ ಲೀಗ್‌ಗಳಲ್ಲಿ ಆಡಿದರು. 1947ರ ಜನವರಿಯಲ್ಲಿ, ಬರೀ 35ನೇ ವಯಸ್ಸಿನಲ್ಲಿ ತೀರಿಕೊಂಡರು. ಕಪ್ಪು ಆಟಗಾರ ಜಾಕಿ ರಾಬಿನ್ಸನ್ ಮೇಜರ್ ಲೀಗ್‌ಗೆ ಕಾಲಿಟ್ಟು ಆ ಗೋಡೆ ಒಡೆದದ್ದು ಅದೇ ವರ್ಷದ ಏಪ್ರಿಲ್‌ನಲ್ಲಿ. ಇದನ್ನು ಮುಚ್ಚಿ ದಾಖಲೆ ಹೇಳಿದರೆ ಅವರಿಗೆ ಆದ ಅನ್ಯಾಯವೂ ಮುಚ್ಚಿಹೋಗುತ್ತದೆ, ಅಲ್ವಾ?

ನಿಜವಾದ ಸಾಧನೆ ಕಡಿಮೆಯೇನಲ್ಲ. ನೀಗ್ರೋ ಲೀಗ್‌ಗಳಿಗೆ 2020ರಲ್ಲಿ ಮೇಜರ್ ಲೀಗ್ ಮಾನ್ಯತೆ ಸಿಕ್ಕಿತು. 2024ರ ಮೇನಲ್ಲಿ ಅವುಗಳ ಅಂಕಿಅಂಶಗಳೂ ಮೇಜರ್ ಲೀಗ್ ದಾಖಲೆಗೆ ಸೇರಿದವು. ಆಗ .372 ವೃತ್ತಿಜೀವನದ ಬ್ಯಾಟಿಂಗ್ ಸರಾಸರಿಯೊಂದಿಗೆ (ಅಂದರೆ 1000 ಬ್ಯಾಟಿಂಗ್ ಅವಕಾಶಗಳಲ್ಲಿ ಸುಮಾರು 372 ಯಶಸ್ವಿ ಹೊಡೆತ) ಗಿಬ್ಸನ್, ಹಳೆಯ ದಾಖಲೆಗಾರ ಟೈ ಕಾಬ್ ಅವರ .367 ಅನ್ನು ದಾಟಿ ಮೊದಲ ಸ್ಥಾನಕ್ಕೆ ಬಂದರು. ಅದೂ ಎದುರಾಳಿ ಬ್ಯಾಟ್ ಮಾಡುವಾಗಲೆಲ್ಲ ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿಯುವ ಕ್ಯಾಚರ್ ಆಗಿದ್ದುಕೊಂಡು!

ದಯವಿಟ್ಟು 800ರ ಸಂದೇಶವನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ಕಳಿಸಿ.