ನನ್ನ ವೋಟಿಗೆ ಎಷ್ಟು ತೂಕ?

ಮತದಾನದ ಹಿಂದಿನ ರಾತ್ರಿ ನಮ್ಮ ಬೀದಿಯಲ್ಲಿ ದುಡ್ಡಿನ ಕವರು ಹಂಚಿದರು. ಪಕ್ಕದ ಮನೆಯ ಅಜ್ಜಿ ತೆಗೆದುಕೊಂಡರು. ಔಷಧಿಗೆ ಆಯ್ತು ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ದುಡ್ಡು ಎಲ್ಲಿಂದ ಬಂತು ಅಂತ ಯೋಚಿಸಿದರೆ ಹೊಟ್ಟೆ ಉರಿಯುತ್ತದೆ.

ನಮ್ಮ ರಾಜ್ಯದಲ್ಲಿ ವಿಧಾನಸಭೆ ಅಭ್ಯರ್ಥಿ 40 ಲಕ್ಷಕ್ಕಿಂತ ಜಾಸ್ತಿ ಖರ್ಚು ಮಾಡುವಂತಿಲ್ಲ. ಪಕ್ಷದ ಖರ್ಚಿಗೆ ಮಾತ್ರ ಮಿತಿಯೇ ಇಲ್ಲ!

ಚುನಾವಣಾ ಬಾಂಡ್ ನೆನಪಿದೆ ಅಲ್ವಾ? ಬ್ಯಾಂಕಿನಲ್ಲಿ ಕೊಂಡು, ಹೆಸರು ಹೊರಬೀಳದಂತೆ ಪಕ್ಷಕ್ಕೆ ದೇಣಿಗೆ ಕೊಡುವ ಪತ್ರ ಅದು. ಯಾವ ಕಂಪನಿ ಯಾವ ಪಕ್ಷಕ್ಕೆ ಎಷ್ಟು ಕೊಟ್ಟಿತು ಅನ್ನುವುದನ್ನು 2018ರಿಂದ ಆರು ವರ್ಷ ನಮ್ಮಿಂದ ಮುಚ್ಚಿಟ್ಟರು. ಮೊದಲು ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 7.5ರಷ್ಟು ಮಾತ್ರ ಕೊಡಬಹುದಿತ್ತು. 2017ರಲ್ಲಿ ಆ ಮಿತಿಯನ್ನೂ ತೆಗೆದರು. ನಷ್ಟದಲ್ಲಿರುವ ಕಂಪನಿಯೂ ಕೊಡಬಹುದು ಅಂತಾಯಿತು. ನಷ್ಟದಲ್ಲಿರುವವರು ಯಾಕೆ ಕೊಡುತ್ತಾರೆ, ಹೇಳಿ? 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಇದನ್ನೆಲ್ಲ ರದ್ದು ಮಾಡಿತು. ಆಮೇಲೆ ಹೆಸರುಗಳು ಹೊರಬಂದವು. ಲಾಟರಿ ಕಂಪನಿ, ಗಣಿ ಕಂಪನಿ, ಸರ್ಕಾರಿ ಗುತ್ತಿಗೆ ಹಿಡಿಯುವ ಕಂಪನಿ. ಇವರೆಲ್ಲ ಸುಮ್ನೆ ಕೊಟ್ಟರು ಅಂತ ನಾನು ನಂಬುವುದಿಲ್ಲ.

ನಮ್ಮ ಬೀದಿಯ ಚರಂಡಿಗಾಗಿ ಮೂರು ಸಲ ಅರ್ಜಿ ಹಿಡಿದು ಜನಪ್ರತಿನಿಧಿಯ ಬಾಗಿಲಲ್ಲಿ ನಿಂತಿದ್ದೇವೆ. ಕೋಟಿಗಟ್ಟಲೆ ಕೊಟ್ಟವರೂ ಹೀಗೇ ನಿಲ್ಲುತ್ತಾರಾ?